ಹಳೆಯ ಗೇಮ್‌ಗಳಿವೆಯೇ? ಪಿಎಸ್5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್

2020ರ ನವೆಂಬರ್‌ನಲ್ಲಿ ಬಂದ ಎರಡೂ ಗೇಮ್ ಕನ್ಸೋಲ್‌ಗಳು, ಅಂದರೆ ಸೋನಿಯ ಪ್ಲೇಸ್ಟೇಷನ್ 5 (ಪಿಎಸ್5) ಮತ್ತು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ (ಎಕ್ಸ್ ಮತ್ತು ಎಸ್), ಹಳೆಯ ಗ್ರಾಹಕರನ್ನು ಬೇರೆ ಬೇರೆ ರೀತಿ ನಡೆಸಿಕೊಳ್ಳುತ್ತವೆ.

ಪಿಎಸ್5ರಲ್ಲಿ ಪಿಎಸ್4 ಗೇಮ್‌ಗಳು ಬಹುಪಾಲು ಓಡುತ್ತವೆ. ಪಿಎಸ್3 ಡಿಸ್ಕ್ ಓಡುವುದಿಲ್ಲ. ಎಕ್ಸ್‌ಬಾಕ್ಸ್ ಇಲ್ಲಿ ಉದಾರಿ: ಹಳೆಯ ಎಕ್ಸ್‌ಬಾಕ್ಸ್ 360 ಕಾಲದ ಆಯ್ದ ಗೇಮ್‌ಗಳೂ ನಡೆಯುತ್ತವೆ. ಆದರೆ ಡಿಸ್ಕ್ ಸಂಗ್ರಹವಿದ್ದವರು ಸೀರೀಸ್ ಎಸ್ ಕೊಳ್ಳಬೇಡಿ, ಅದಕ್ಕೆ ಡಿಸ್ಕ್ ಡ್ರೈವ್ ಇಲ್ಲ. 2020ರ ಪಿಎಸ್5 ಡಿಜಿಟಲ್ ಎಡಿಷನ್‌ನಲ್ಲೂ ಇದೇ ಕಥೆ. ಪಿಎಸ್4 ಡಿಸ್ಕಿನಿಂದ ಪಿಎಸ್5 ಆವೃತ್ತಿಗೆ ಅಪ್‌ಗ್ರೇಡ್ ಮಾಡಿದ ಗೇಮ್ ಆಡಲು ಪ್ರತಿಸಲ ಡಿಸ್ಕ್ ಒಳಗಿರಬೇಕು.

ಕಂಟ್ರೋಲರ್ ವಿಷಯದಲ್ಲಿ ಸೋನಿ ಜಿಪುಣ. ಪಿಎಸ್4ರ ಕಂಟ್ರೋಲರ್ ಆದ ಡ್ಯುಯಲ್‌ಶಾಕ್ 4ರಿಂದ ಪಿಎಸ್5ರಲ್ಲಿ ಪಿಎಸ್4 ಗೇಮ್ ಮಾತ್ರ ಆಡಬಹುದು. ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ ಹೊಸ ಗೇಮ್‌ಗಳಿಗೂ ಸಾಕು. ಎಕ್ಸ್‌ಬಾಕ್ಸ್‌ನ ಹಳೆಯ ಚಲನೆ ಗುರುತಿಸುವ ಕ್ಯಾಮೆರಾ ಕಿನೆಕ್ಟ್ ಮಾತ್ರ ಕೆಲಸಕ್ಕೆ ಬಾರದು.

ಯುಎಸ್‌ಬಿ ಹಾರ್ಡ್‌ಡಿಸ್ಕಿನಿಂದ ಎರಡರಲ್ಲೂ ಹಳೆಯ ಗೇಮ್ ನೇರವಾಗಿ ಓಡುತ್ತದೆ, ಹೊಸದನ್ನು ಅದರಲ್ಲಿ ಇಡಬಹುದಷ್ಟೆ, ಆಡಲಾಗದು. ಜಾಗ ಹೆಚ್ಚಿಸಲು ಪಿಎಸ್5ಗೆ ಮಾರುಕಟ್ಟೆಯ ಜೆನ್4 ಎಂ.2 ಎಸ್‌ಎಸ್‌ಡಿ (ಒಳಗೆ ಕೂರಿಸುವ ವೇಗದ ಸಂಗ್ರಹ ಚಿಪ್ಪಿನ ಪಟ್ಟಿ) ಸಾಕು; ಸೆಕೆಂಡಿಗೆ ಕನಿಷ್ಠ 5,500 ಎಂಬಿ ಓದುವ ವೇಗವಿದ್ದರೆ ಒಳ್ಳೆಯದು, ಬಿಸಿ ಹೊರಹಾಕುವ ಹೀಟ್‌ಸಿಂಕ್ ಕಡ್ಡಾಯ. ಎಕ್ಸ್‌ಬಾಕ್ಸ್‌ಗೆ ಅದರದೇ ವಿಶೇಷ ಕಾರ್ಡ್ ಬೇಕು.

ಆಟ ಎಲ್ಲಿಗೆ ಬಂದಿದೆ ಎಂದು ಉಳಿಸಿಡುವ ಸೇವ್ ಫೈಲ್ ಎಕ್ಸ್‌ಬಾಕ್ಸ್‌ನಲ್ಲಿ ಕ್ಲೌಡ್‌ನಿಂದ ಉಚಿತವಾಗಿ ಬರುತ್ತದೆ. ಸೋನಿಯ ಕ್ಲೌಡ್‌ಗೆ ಪಿಎಸ್ ಪ್ಲಸ್ ಚಂದಾ ಬೇಕು. ಇಲ್ಲದವರು ಪಿಎಸ್4 ಮಾರುವ ಮೊದಲೇ ಪೆನ್‌ಡ್ರೈವ್‌ಗೆ ನಕಲಿಸಿಕೊಳ್ಳಿ. ಕೆಲವು ಗೇಮ್‌ಗಳ ಪಿಎಸ್5 ಆವೃತ್ತಿ ಪಿಎಸ್4 ಸೇವ್ ಅನ್ನು ತಾನಾಗಿ ಓದುವುದಿಲ್ಲ: ಪಿಎಸ್4 ಆವೃತ್ತಿ ತೆರೆದು, ಮೆನುವಿನಿಂದ ಅಪ್‌ಲೋಡ್ ಮಾಡಬೇಕಾಗುತ್ತದೆ.