ಹೆಣ್ಣುಮಕ್ಕಳಿಗೆ 16 ಜಾಗ: ಒಂದು ಡಿಸ್ಕ್ ಗಾಲ್ಫ್ ಟೂರ್ನಮೆಂಟ್ ಹೇಗಿತ್ತು

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಅದರಲ್ಲಿ ಎರಡು ಸ್ಟಾರ್ ಬರೀ ನೋಂದಣಿ ಪುಟದಲ್ಲಿದ್ದ ಒಂದು ಸೂಚನೆಗೆ. ಒಟ್ಟು 72 ಜಾಗ, ಅದರಲ್ಲಿ 16 ಮಹಿಳಾ ವಿಭಾಗಗಳಿಗೆ, ಆಟಕ್ಕೆ 21 ದಿನ ಉಳಿಯುವ ತನಕ ಅವನ್ನು ಬೇರೆ ಯಾರಿಗೂ ಕೊಡುವುದಿಲ್ಲ ಅಂತ ಬರೆದಿದ್ದರು.

ಆಟ ನಡೆದದ್ದು ಅಮೆರಿಕದ ಮಧ್ಯ ಮ್ಯಾಸಚೂಸೆಟ್ಸ್‌ನಲ್ಲಿ, ಶ್ರೂಸ್‌ಬರಿಯ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದಾರಿ. ಸೆಪ್ಟೆಂಬರಿನ ಒಂದು ಶನಿವಾರ, ಭಾನುವಾರ, ಒಟ್ಟು ಮೂರು ಸುತ್ತು. ಇದು ಎ-ಟಿಯರ್ ಟೂರ್ನಮೆಂಟ್. ಇದಕ್ಕಿಂತ ಮೇಲೆ ಇರುವುದು ವೃತ್ತಿಪರರ ಪ್ರೊ ಟೂರ್ ಮತ್ತು ವಿಶ್ವ ಚಾಂಪಿಯನ್‌ಶಿಪ್‌ನಂಥ ಮೇಜರ್‌ಗಳು ಮಾತ್ರ. ಹೊಟ್ಟೆಪಾಡಿಗೆ ಆಡುವವರೂ ಬರುತ್ತಾರೆ, ನನ್ನ ಥರ ವಾರಕ್ಕೊಂದು ಸಲ ಆಡುವವರೂ ಬರುತ್ತಾರೆ. ಟೂರ್ನಮೆಂಟಿನ ಹೆಸರು ಬರೆಯುತ್ತಿಲ್ಲ. ಹೊಗಳುವುದರ ಜೊತೆ ತಕರಾರೂ ಇದೆ. ನಡೆಸುವವರು ಸಂಬಳವಿಲ್ಲದೆ ದುಡಿಯುವ ಊರಿನ ಜನ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚೆಂಡಿನ ಬದಲು ಪ್ಲಾಸ್ಟಿಕ್ ಡಿಸ್ಕ್, ಕುಳಿಯ ಬದಲು ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ಫ್ರಿಸ್ಬಿ ಮಾರುತ್ತಿದ್ದ ವ್ಯಾಮ್-ಓ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ಈ ಸರಪಳಿ ಬುಟ್ಟಿಯನ್ನು ಮಾಡಿದವರು. ಆಟದ ಸಂಘ ಪಿಡಿಜಿಎಯನ್ನು 1976ರಲ್ಲಿ ಶುರು ಮಾಡಿದವರೂ ಅವರೇ.

ಈಗ 72ರ ಲೆಕ್ಕ. ಹದಿನೆಂಟು ಹೋಲ್, ಅಂದರೆ ಒಂದೊಂದು ಬುಟ್ಟಿಯ ತನಕದ ಹಾದಿ, ಒಂದೊಂದರಲ್ಲಿ ಸರಾಸರಿ ನಾಲ್ಕು ಜನರ ಒಂದು ಗುಂಪು, ಎಲ್ಲರೂ ಒಂದೇ ಹೊತ್ತಿಗೆ ಶುರು. ಅಷ್ಟಕ್ಕೆ ಮೈದಾನ ತುಂಬಿತು. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ಉಳಿಯಲೇಬೇಕು. ಜಗಳ ಎಲ್ಲಾ ಹುಟ್ಟುವುದು ಇಲ್ಲೇ.

ಹಿಂದಿನ ವರ್ಷ ಬೇರೊಂದು ಟೂರ್ನಮೆಂಟಿಗೆ ಹೆಸರು ಕೊಡಲು ಕೂತಿದ್ದೆ. ಅಲ್ಲಿ ಯಾರಿಗೂ ಮೀಸಲು ಇರಲಿಲ್ಲ. ರಾತ್ರಿ ಎಂಟಕ್ಕೆ ನೋಂದಣಿ ತೆರೆಯುತ್ತದೆ ಅಂತ ಅನ್ನಕ್ಕಿಟ್ಟು ಫೋನ್ ಹಿಡಿದುಕೊಂಡೆ. ಕುಕ್ಕರ್ ಮೂರನೇ ಸೀಟಿ ಹೊಡೆಯುವಾಗ ನಾನು ಕಾರ್ಡ್ ನಂಬರ್ ಹಾಕುತ್ತಿದ್ದೆ. ಒಲೆ ಆರಿಸಿ ಬಂದು ನೋಡಿದರೆ ವೇಟ್‌ಲಿಸ್ಟ್‌ನಲ್ಲಿ 43ನೆಯವಳು. ಒಳಗೆ ಸೇರಿದ 72 ಜನರಲ್ಲಿ ಹೆಂಗಸರು ಎಷ್ಟು ಅಂತ ಎಣಿಸಿದೆ. ಇಬ್ಬರು. ಆ ಇಬ್ಬರಲ್ಲಿ ಒಬ್ಬಾಕೆ ಆಮೇಲೆ ಹೆಸರು ವಾಪಸ್ ತೆಗೆದುಕೊಂಡರು. ಎದುರಾಳಿಯೇ ಇಲ್ಲದ ವಿಭಾಗಕ್ಕೆ ದುಡ್ಡು ಕಟ್ಟಿ ಯಾರು ಆಡುತ್ತಾರೆ, ಹೇಳಿ.

ಇದನ್ನು ನಮ್ಮ ಕನ್ನಡ ಕೂಟದ ಗೆಳತಿಗೆ ಹೇಳಿದೆ. ಅವರು ಧಾರವಾಡದವರು, ಮಾತು ನೇರ. "ಎಲ್ಲಾರಿಗೂ ಎಂಟಕ್ಕ ಬಾಗಲಾ ತೆಗದಾರಲ್ರೀ. ನೀವು ಲಗೂ ಒತ್ತಬೇಕಿತ್ತು. ಡಿಸ್ಕ್ ಒಗಿಯಾಕ ಮೀಸಲಾತಿ ಯಾಕ ಬೇಕು?" ಅಂದರು. ನ್ಯಾಯವಾದ ಪ್ರಶ್ನೆ. ಆ ದಿನ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಈಗ ಇದೆ.

ಮೊದಲನೆಯದು, ಬಾಗಿಲು ಎಲ್ಲರಿಗೂ ಒಂದೇ ಹೊತ್ತಿಗೆ ತೆರೆಯುವುದಿಲ್ಲ. ದೊಡ್ಡ ಟೂರ್ನಮೆಂಟುಗಳಲ್ಲಿ ಸಾಮಾನ್ಯವಾಗಿ ರೇಟಿಂಗ್ (ಆಡಿದ ಸುತ್ತುಗಳ ಮೇಲೆ ಸಂಘ ಕೊಡುವ ಅಂಕ) ಜಾಸ್ತಿ ಇರುವವರಿಗೆ ಮೊದಲು, ಉಳಿದವರಿಗೆ ಕೆಲವು ದಿನ ಬಿಟ್ಟು. ಪಿಡಿಜಿಎ ಲೆಕ್ಕದಲ್ಲಿ 1000 ಅಂದರೆ ಪಳಗಿದ ಕೈ. ಸುಮಾರು 10 ಪಾಯಿಂಟಿನ ವ್ಯತ್ಯಾಸ ಅಂದರೆ ಒಂದು ಸುತ್ತಿಗೆ ಒಂದು ಎಸೆತ. ಲೋಕದ ಮೊದಲ ಸಾಲಿನ ಗಂಡಸರು 1040ರ ಆಸುಪಾಸಿನಲ್ಲಿದ್ದಾರೆ. ಹೆಂಗಸರಲ್ಲಿ 950 ಇದ್ದವರು ಪ್ರೊ ಟೂರ್‌ನಲ್ಲಿ ಗಟ್ಟಿ ಆಟಗಾರ್ತಿ. ಅದೇ 950 ಇರುವ ಗಂಡಸರು ನಮ್ಮೂರಿನ ವಾರದ ಲೀಗ್‌ನಲ್ಲೇ ನಾಲ್ಕಾರು ಜನ ಸಿಗುತ್ತಾರೆ. ಒಂದೇ ಅಳತೆಗೋಲು ಹಿಡಿದರೆ, ವರ್ಷವಿಡೀ ಊರೂರು ಸುತ್ತಿ ಆಡುವ ಪ್ರೊ ಹೆಣ್ಣುಮಗಳು, ಭಾನುವಾರ ಬೆಳಗ್ಗೆ ಬಂದು ಎಸೆದು ಹೋಗುವ ನಮ್ಮ ಪಕ್ಕದ ಬೀದಿಯವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕು. ಇದು ಸರಿಯಾ?

ಎರಡನೆಯದು ಬಹಳ ಜನಕ್ಕೆ ಗೊತ್ತೇ ಇಲ್ಲ. ಗಂಡಸರ ಪ್ರೊ ವಿಭಾಗ ಅಂತ ನಾವು ಕರೆಯುವುದು ಗಂಡಸರದ್ದಲ್ಲ. ಅದರ ಹೆಸರು ಎಂಪಿಒ. ಅಲ್ಲಿರುವ 'ಎಂ' ಅಂದರೆ ಮಿಕ್ಸ್ಡ್. ಯಾರು ಬೇಕಾದರೂ ಆಡಬಹುದು, ಹೆಂಗಸರೂ ಕೂಡ. ಎಫ್‌ಪಿಒ ಅನ್ನುವ ಪ್ರೊ ವಿಭಾಗ ಹೆಂಗಸರಿಗೆ ಮಾತ್ರ. ಅಂದರೆ ಆ ವಿಭಾಗವೇ ಒಂದು ಮೀಸಲು. ಅದನ್ನು ಒಪ್ಪಿಕೊಂಡ ಮೇಲೆ, ಅದರೊಳಗೆ ಕೂರಲು ಕುರ್ಚಿ ಇಡುವುದಿಲ್ಲ ಅಂದರೆ ಹೇಗೆ?

ಮೇಲಿನ ಹಂತದಲ್ಲಿ ಇನ್ನೊಂದು ವಾದ ಇದೆ. ಪ್ರೊ ಟೂರ್‌ನಲ್ಲಿ ಎರಡು ವಿಭಾಗವೂ ಕತ್ತಲಾಗುವುದರೊಳಗೆ ಆಡಿ ಮುಗಿಸಬೇಕು. ಹೆಂಗಸರ ಪಟ್ಟಿಯಲ್ಲಿ ಕೊನೆಗೆ ಬಂದವರು ಮೊದಲಿನವರಿಗಿಂತ ಬಹಳ ಹಿಂದೆ ಇರುತ್ತಾರೆ, ಅದೇ ಜಾಗಕ್ಕೆ ಅವರಿಗಿಂತ ಚೆನ್ನಾಗಿ ಎಸೆಯುವ ಗಂಡಸು ಹೊರಗೆ ಕಾಯುತ್ತಿರುತ್ತಾನೆ, ಅದಕ್ಕೇ ಆ ಜಾಗ ಅವನಿಗೆ ಕೊಡಿ ಅನ್ನುವುದು. ನಾನು ಇದನ್ನು ಒಪ್ಪುವುದಿಲ್ಲ. ಎಸ್ಟೋನಿಯಾದ ಕ್ರಿಸ್ಟಿನ್ ಟಟ್ಟರ್ 2022ರಲ್ಲಿ ಕ್ಯಾನ್ಸಸ್‌ನ ಎಂಪೋರಿಯಾದಲ್ಲಿ, 2023ರಲ್ಲಿ ವರ್ಮಾಂಟ್‌ನ ಸ್ಮಗ್ಲರ್ಸ್ ನಾಚ್‌ನಲ್ಲಿ ವಿಶ್ವ ಚಾಂಪಿಯನ್ ಆದವರು. ಬರೀ ರೇಟಿಂಗ್ ನೋಡಿದರೆ ಅವರ ಹೆಸರೂ ಎಂಪಿಒ ಪಟ್ಟಿಯ ಕೆಳಗಡೆಯೇ ಕಾಣುತ್ತದೆ. ಪೇಜ್ ಪಿಯರ್ಸ್ ಐದು ಸಲ ವಿಶ್ವ ಚಾಂಪಿಯನ್. ಈ ಅಳತೆಯಲ್ಲಿ ಅವರೂ ಹೊರಗೇ ಉಳಿಯುತ್ತಿದ್ದರು. ಹಾಗಾದರೆ ಯಾರ ಆಟ ನೋಡಿ ಎಸ್ಟೋನಿಯಾದ ಹುಡುಗಿಯರು ಡಿಸ್ಕ್ ಹಿಡಿಯಬೇಕು? ಹದಿಮೂರು, ಹದಿನಾಲ್ಕು ಲಕ್ಷ ಜನರ ಪುಟ್ಟ ದೇಶ ಅದು.

ಹಾಗಂತ ಮೇಲಿನ ಹಂತದಲ್ಲಿ ಸುಮ್ನೆ ಯಾರನ್ನೋ ತಂದು ತುಂಬುವುದು ನನಗೂ ಬೇಡ. ಅರ್ಹತೆ ನೋಡಲಿ, ಖಂಡಿತ ನೋಡಲಿ. ಆದರೆ ಹೆಣ್ಣುಮಕ್ಕಳ ನಡುವೆ ಯಾರು ಮುಂದಿದ್ದಾರೆ ಅಂತ ನೋಡಲಿ. ಪಿಡಿಜಿಎ ಸದಸ್ಯರಲ್ಲಿ ಹತ್ತಕ್ಕೆ ಒಬ್ಬರು ಕೂಡ ಹೆಂಗಸರಿಲ್ಲ. ಕೆಳಗೆ ಎ-ಟಿಯರ್‌ಗಳಲ್ಲಿ ಜಾಗ ಸಿಗದಿದ್ದರೆ ಮೇಲಕ್ಕೆ ಹೋಗುವವರು ಎಲ್ಲಿಂದ ಬರುತ್ತಾರೆ? ಅದಕ್ಕೇ ಈ 16 ಜಾಗ ನನಗೆ ಅಷ್ಟು ದೊಡ್ಡದಾಗಿ ಕಂಡಿದ್ದು.

ನಮ್ಮ ದೊಡ್ಡಮ್ಮನ ನೆನಪಾಗುತ್ತದೆ. 1987ರಲ್ಲಿ ಕರ್ನಾಟಕದಲ್ಲಿ ಮಂಡಲ ಪಂಚಾಯಿತಿ ಚುನಾವಣೆ ಆದಾಗ ಹೆಂಗಸರಿಗೆ ಶೇ 25 ಸ್ಥಾನ ಮೀಸಲಿತ್ತು. ಹಾಸನದ ಕಡೆ ಒಂದು ಹಳ್ಳಿಯಿಂದ ದೊಡ್ಡಮ್ಮ ಗೆದ್ದರು. ಮೊದಲ ವರ್ಷ ಸಭೆಯಲ್ಲಿ ಬಾಗಿಲ ಹತ್ತಿರ ಕೂರುತ್ತಿದ್ದರಂತೆ. ಮೂರನೇ ವರ್ಷಕ್ಕೆ ಬೋರ್‌ವೆಲ್ ಎಲ್ಲಿ ಕೊರೆಯಬೇಕು ಅಂತ ಜಗಳ ಆಡುತ್ತಿದ್ದರು. ಆ ಕೊಳವೆಬಾವಿಯ ಕೈಪಂಪಿನಲ್ಲಿ ನಾನು ಬೇಸಿಗೆ ರಜೆಯಲ್ಲಿ ನೀರು ಹೊಡೆದಿದ್ದೇನೆ.

ಇನ್ನು ಈ ಸಲದ ಆಟಕ್ಕೆ ಬರುತ್ತೇನೆ. 16ರಲ್ಲಿ 14 ತುಂಬಿತು. ಎಫ್‌ಪಿಒನಲ್ಲಿ ಆರು ಜನ, ಉಳಿದ ಎಂಟು ಜನ ಬೇರೆ ಮಹಿಳಾ ವಿಭಾಗಗಳಲ್ಲಿ. ನಾನು ನಲವತ್ತು ದಾಟಿದವರ ಎಫ್‌ಎ40ರಲ್ಲಿ. ಮಿಕ್ಕ ಎರಡು ಜಾಗ 21 ದಿನ ಇರುವಾಗ ವೇಟ್‌ಲಿಸ್ಟ್‌ನಲ್ಲಿ ಮುಂದಿದ್ದವರಿಗೆ ಹೋಯಿತು. ಅದರಲ್ಲಿ ಒಬ್ಬರು ಶನಿವಾರ ಪಾರ್ಕಿಂಗ್‌ನಲ್ಲಿ ಸಿಕ್ಕಿದರು. ಎರಡು ವರ್ಷದ ಹಿಂದೆ ಒಂದು ಕಡೆ ಹೆಂಗಸರ ಜಾಗ ಕೊನೆಯವರೆಗೂ ಹಾಗೇ ಹಿಡಿದಿಟ್ಟಿದ್ದರಂತೆ. ಆಟದ ದಿನ ಐದು ಜಾಗ ಖಾಲಿ, ಇವರು ಮನೆಯಲ್ಲಿ. ಅವರ ಸಿಟ್ಟು ನನಗೆ ಅರ್ಥವಾಯಿತು. ಖಾಲಿ ಬಿದ್ದ ಜಾಗದಿಂದ ಯಾರಿಗೂ ಉಪಯೋಗ ಇಲ್ಲ, ಹೆಣ್ಣುಮಕ್ಕಳಿಗಂತೂ ಕೆಟ್ಟ ಹೆಸರು. ಗಡುವನ್ನು ಮೊದಲೇ ಬರೆದು ಹಾಕಿದ್ದು ಈ ಟೂರ್ನಮೆಂಟಿನ ಬಹಳ ಒಳ್ಳೆಯ ಕೆಲಸ. ಪ್ಲೇನ್ ಟಿಕೆಟ್, ರಜೆ, ಮಕ್ಕಳನ್ನು ಯಾರ ಹತ್ತಿರ ಬಿಡುವುದು, ಎಲ್ಲಾ ಯೋಚನೆ ಮಾಡಿ ಹೂಂ ಅನ್ನಲು ಹೆಂಗಸರಿಗೆ ಸಮಯ ಸಿಕ್ಕಿತು. ಕಾಯುವವರಿಗೂ ತಮ್ಮ ಸರದಿ ಯಾವಾಗ ಅಂತ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ನಮ್ಮ ಎರಡನೇ ಸುತ್ತಿನಲ್ಲಿ ಏಳನೇ ಹೋಲ್ ಹತ್ತಿರ ಸ್ವಲ್ಪ ಕಾಯಬೇಕಾಯಿತು. ಮುಂದೆ ಎಫ್‌ಪಿಒದ ಮೊದಲ ಗುಂಪು, ಮೂರು ಜನ. ಟೀ, ಅಂದರೆ ಮೊದಲ ಎಸೆತದ ಜಾಗ, ಅದರ ಮುಂದೆಯೇ ಕೆರೆ, ಆಚೆ ದಡದಲ್ಲಿ ಬುಟ್ಟಿ. ಒಬ್ಬ ಹುಡುಗಿ, ಇಪ್ಪತ್ತು ವರ್ಷ ಇರಬಹುದು, ಸೊಂಟಕ್ಕೆ ಸಿಕ್ಕಿಸಿದ್ದ ಟವಲ್‌ನಲ್ಲಿ ಡಿಸ್ಕಿನ ಅಂಚನ್ನು ಒರೆಸಿದಳು. ಒಂದು ಸಲ ಅಲ್ಲ, ಮೂರು ಸಲ. ಒಂದಿಷ್ಟು ಹುಲ್ಲು ಕಿತ್ತು ಗಾಳಿಗೆ ಬಿಟ್ಟು ನೋಡಿದಳು. ಮೂರು ಹೆಜ್ಜೆ ಓಡಿ ಎಸೆದಳು. ಡಿಸ್ಕ್ ಬಲಕ್ಕೆ ವಾಲಿ ನೀರಿನ ಮೇಲೆ ಹೋಯಿತು. ನೀರಿಗೇ ಬಿತ್ತು ಅಂದುಕೊಂಡೆ. ಅಷ್ಟರಲ್ಲಿ ನೆಟ್ಟಗಾಗಿ, ಕೊನೆಯಲ್ಲಿ ಎಡಕ್ಕೆ ತಿರುಗಿ, ಬುಟ್ಟಿಯಿಂದ ಹತ್ತು ಹೆಜ್ಜೆ ಈಚೆ ಹುಲ್ಲಿನ ಮೇಲೆ ಕೂತಿತು. ಉಳಿದಿಬ್ಬರೂ ಬಾಯಲ್ಲಿ ಏನೂ ಹೇಳಲಿಲ್ಲ. ಒಬ್ಬಳು ತನ್ನ ಕೈಯಲ್ಲಿದ್ದ ಡಿಸ್ಕ್ ಬ್ಯಾಗಿಗೆ ಹಾಕಿ ಬೇರೆಯದನ್ನು ತೆಗೆದಳು.

ಅದನ್ನೇ ನಾನು ಹೇಳಬೇಕೆಂದಿರುವುದು. ಎದುರಿಗೆ ಆಡುವವರು ಇದ್ದರೆ ತಾನೇ ಡಿಸ್ಕ್ ಬದಲಾಯಿಸುವ ಯೋಚನೆ ಬರುವುದು? ಎರಡೇ ಜನ ಇದ್ದರೆ ಎರಡು ದಿನವೂ ಅದೇ ಮುಖ. ಬಹುಮಾನ ಸಿಗುವುದು ವಿಭಾಗದ ಹೆಚ್ಚೆಂದರೆ ಅರ್ಧದಷ್ಟು ಜನಕ್ಕೆ, ಹಾಗಾಗಿ ಇಬ್ಬರಲ್ಲಿ ಒಬ್ಬರಿಗೆ ದುಡ್ಡೂ ಇಲ್ಲ. ಆರು ಜನ ಇದ್ದಾಗ ಎರಡು ಗುಂಪಾಯಿತು. ಭಾನುವಾರ ಯಾರು ಮೇಲಿನ ಗುಂಪಿಗೆ ಹೋಗುತ್ತಾರೆ ಅಂತ ಪೈಪೋಟಿ ಬಂತು. ನನ್ನ ಜೊತೆ ಬ್ಯಾಗ್ ಹೊರಲು ಬಂದಿದ್ದ ಹದಿಮೂರು ವರ್ಷದ ಮಗಳು ಊಟದ ಹೊತ್ತಿನಲ್ಲಿ ನನ್ನನ್ನು ಬಿಟ್ಟು ಆ ಆರು ಜನರ ಸ್ಕೋರ್ ನೋಡುತ್ತಾ ಕೂತಿದ್ದಳು.

ಈಗ ಕಳೆದುಕೊಂಡ ಸ್ಟಾರ್. ಆಟಗಾರರಿಗೆ ಕೊಡುವ ಕಿಟ್‌ನಲ್ಲಿ ಒಂದು ಟೀ ಶರ್ಟ್, ಒಂದು ಡಿಸ್ಕ್. ಶರ್ಟ್ ಎಲ್ಲಾ ಗಂಡಸರ ಅಳತೆ. ನನಗೆ ಸಿಕ್ಕ ಚಿಕ್ಕ ಸೈಜ್ ಕೂಡ ಮೊಣಕೈ ದಾಟಿ ಬರುತ್ತಿತ್ತು. ಎಸೆಯುವಾಗ ತೋಳಿಗೆ ತಡೆಯುತ್ತದೆ, ಹಾಗಾಗಿ ಹಾಕಿಕೊಳ್ಳಲಿಲ್ಲ. ಡಿಸ್ಕ್‌ಗಳು 173ರಿಂದ 175 ಗ್ರಾಂ. ಇಡೀ ಡಬ್ಬ ಹುಡುಕಿದೆ, 160ರ ಒಳಗೆ ಒಂದೂ ಇರಲಿಲ್ಲ. ನಮ್ಮಲ್ಲಿ ಬಹಳ ಜನ 150 ಗ್ರಾಂ ಆಸುಪಾಸಿನದು ಎಸೆಯುತ್ತೇವೆ, ತೋಳಿನ ವೇಗಕ್ಕೆ ಅದೇ ಸರಿ. ಹದಿನಾಲ್ಕು ಹೆಂಗಸರು ಬರುತ್ತಾರೆ ಅಂತ ಮೂರು ವಾರ ಮೊದಲೇ ಗೊತ್ತಿತ್ತು, ಅಲ್ವಾ? ಆರ್ಡರ್ ಮಾಡುವವರಿಗೆ ಅದನ್ನು ಯಾರೂ ಹೇಳಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಟಾಯ್ಲೆಟ್. ಇದ್ದಿದ್ದು ಎರಡೇ, ಎರಡೂ ಪಾರ್ಕಿಂಗ್ ಪಕ್ಕದಲ್ಲಿ. ಹನ್ನೆರಡನೇ ಹೋಲ್‌ನಿಂದ ನಡೆದು ಬಂದು ವಾಪಸ್ ಹೋಗುವಷ್ಟರಲ್ಲಿ ಗುಂಪು ಮುಂದೆ ಹೋಗಿರುತ್ತದೆ. ಗಂಡಸರು ಮರದ ಹಿಂದೆ ಹೋಗುತ್ತಾರೆ. ನಮಗೆ ಅದು ಆಗುವುದಿಲ್ಲ, ಅದರ ಮೇಲೆ ಕಾಡಿನ ತುಂಬಾ ಉಣ್ಣೆ ಹುಳ, ಮುಟ್ಟಿದರೆ ತುರಿಸುವ ಪಾಯಿಸನ್ ಐವಿ ಬಳ್ಳಿ. ನನ್ನ ಗುಂಪಿನಲ್ಲಿದ್ದ ಅರವತ್ತು ದಾಟಿದ ಒಬ್ಬರು ಬೆಳಗ್ಗೆಯಿಂದ ನೀರೇ ಕುಡಿದಿರಲಿಲ್ಲ. ಅದಕ್ಕೇ ಅಂತ ಅವರೇ ಹೇಳಿದರು. ಮಧ್ಯಾಹ್ನದ ಸುತ್ತಿನ ಕೊನೆಗೆ ಅವರ ಕೈ ನಡುಗುತ್ತಿತ್ತು. ಬೇರೆ ಎಲ್ಲಾ ತಕರಾರು ಬಿಡುತ್ತೇನೆ, ಇದನ್ನು ಬಿಡುವುದಿಲ್ಲ. ಕಾಡಿನ ಆ ತುದಿಗೆ ಇನ್ನೊಂದು ಟಾಯ್ಲೆಟ್ ಬಾಡಿಗೆಗೆ ತಂದು ಇಡಲೇಬೇಕು.

ಟೀಗಳ ಬಗ್ಗೆ ದೂರು ಇಲ್ಲ. ನಮ್ಮ ವಿಭಾಗಕ್ಕೆ ಹತ್ತಿರದ ಟೀ, ಎಫ್‌ಪಿಒಗೆ ನಡುವಿನದು, ಎಂಪಿಒಗೆ ದೂರದ್ದು. ಪ್ರತಿ ಹೋಲ್‌ನಲ್ಲೂ ಬಣ್ಣದ ಬೋರ್ಡ್. ಊಟದ ಟ್ರಕ್‌ನಲ್ಲಿ ಸಸ್ಯಾಹಾರಕ್ಕೆ ಚೀಸ್ ಸ್ಯಾಂಡ್‌ವಿಚ್ ಒಂದೇ. ನಾನು ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆ. ಸ್ಕೋರ್ ಫೋನ್‌ನಲ್ಲೇ ಆಗುತ್ತಿತ್ತು, ಸಮಯಕ್ಕೆ ಸರಿಯಾಗಿ ಶುರು, ಸಮಯಕ್ಕೆ ಸರಿಯಾಗಿ ಮುಕ್ತಾಯ.

ಭಾನುವಾರ ಸಂಜೆ ನಿರ್ದೇಶಕರಿಗೆ ಶರ್ಟ್, ಡಿಸ್ಕ್, ಟಾಯ್ಲೆಟ್ ಮೂರನ್ನೂ ಹೇಳಿದೆ. ಜೇಬಿನಿಂದ ಪೆನ್ಸಿಲ್ ತೆಗೆದು ಅಂಗೈ ಅಗಲದ ಕಾಗದದ ಮೇಲೆ ಬರೆದುಕೊಂಡರು. ಮಗಳ ವಯಸ್ಸಿನ ಹುಡುಗಿಯರಿಗೆ ವಿಭಾಗ ಇದೆಯಾ ಅಂತಲೂ ಕೇಳಿದೆ. ಇದೆ, ಈ ಸಲ ಯಾರೂ ಹೆಸರು ಕೊಡಲಿಲ್ಲ ಅಂದರು.

ಹೋಗುವವರಿಗೆ: ಉದ್ದ ಸಾಕ್ಸ್ ಹಾಕಿ, ಪ್ಯಾಂಟ್ ಅದರೊಳಗೆ ತುರುಕಿ, ಉಣ್ಣೆ ಹುಳ ಬರದ ಹಾಗೆ ಸ್ಪ್ರೇ ಹೊಡೆದುಕೊಳ್ಳಿ. ನೀರು ಕುಡಿಯಿರಿ. ಏಳನೇ ಹೋಲ್‌ನಲ್ಲಿ ನೀರಿಗೆ ಹೋದರೂ ಪರವಾಗಿಲ್ಲ ಅನ್ನುವ ಹಳೇ ಡಿಸ್ಕ್ ಒಂದು ಇಟ್ಟುಕೊಳ್ಳಿ. ಮಹಿಳಾ ವಿಭಾಗದಲ್ಲಿ ಆಡುವ ಮನಸ್ಸಿದ್ದರೆ ಹೆಸರು ಬೇಗ ಕೊಡಿ, ಆಟಕ್ಕೆ 21 ದಿನ ಉಳಿದಾಗ ಆ ಜಾಗ ಬೇರೆಯವರಿಗೆ ಹೋಗುತ್ತದೆ.