ಪಬ್‌ಮೆಡ್ ರಿವ್ಯೂ: ಮೊದಲು ಇಸವಿ ನೋಡಿ

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಬಯಾಲಜಿಗೆ ಕಾಲೇಜಿನಲ್ಲೇ ಕೈ ಮುಗಿದವನು. ಅಣ್ಣನಿಗೆ ಸಿಎಂಎಲ್, ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ಒಂದು ಬಗೆಯ ರಕ್ತದ ಕ್ಯಾನ್ಸರ್, ಇದೆ ಎಂದು ಗೊತ್ತಾಗಿ ನಾಲ್ಕು ವರ್ಷವಾಯಿತು. ಈ ನಾಲ್ಕು ವರ್ಷ ನನ್ನ ಫೋನಿನಲ್ಲಿ ವೈದ್ಯಕೀಯ ಲೇಖನ ಹುಡುಕುವ ಪಬ್‌ಮೆಡ್ ತೆರೆದೇ ಇದೆ. ಅದಕ್ಕೇ ಈ ರಿವ್ಯೂ.

ರಿಪೋರ್ಟ್ ಬಂದ ರಾತ್ರಿ ನಾನು ಮೊದಲು ಹೋಗಿದ್ದು ಬೇರೆ ಕಡೆ. ರಿಪೋರ್ಟ್ ಹಾಕಿದರೆ ಬಿಡಿಸಿ ಹೇಳುತ್ತೇವೆ ಅನ್ನುವ ಒಂದು ಆಪ್, ಹೆಸರು ಬೇಡ, ಅದಕ್ಕೆ ದುಡ್ಡು ಕಟ್ಟಿದೆ. ಒಂದೇ ನಿಮಿಷದಲ್ಲಿ ಚಂದದ ಬಣ್ಣದ ಚೌಕದೊಳಗೆ ಉತ್ತರ ಬಂತು: ಈ ಕಾಯಿಲೆಯವರು ಸಾಮಾನ್ಯವಾಗಿ 3ರಿಂದ 5 ವರ್ಷ ಬದುಕುತ್ತಾರೆ. ಪಕ್ಕದ ಕೋಣೆಯಲ್ಲಿ ಅಣ್ಣ ಗೊರಕೆ ಹೊಡೆಯುತ್ತಿದ್ದ. ನಾನು ಬೆಳಗಿನವರೆಗೂ ಕೂತಿದ್ದೆ. ಆಮೇಲೆ ಗೊತ್ತಾಯಿತು, ಅದು ಈಗಿನ ಮಾತ್ರೆಗಳು ಬರುವುದಕ್ಕೆ ಮುಂಚಿನ ಕಾಲದ ಲೆಕ್ಕ. ಯಾವ ವರ್ಷದ್ದು, ಯಾರನ್ನು ನೋಡಿ ಬರೆದಿದ್ದು, ಒಂದೂ ಅಲ್ಲಿರಲಿಲ್ಲ.

ಪಬ್‌ಮೆಡ್ ನನಗೆ ಇಷ್ಟವಾಗಿದ್ದು ಇಲ್ಲೇ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ನಡೆಸುವ ಹುಡುಕುತಾಣ ಇದು, 1996ರಿಂದ ಇದೆ, ಮೂರೂವರೆ ಕೋಟಿಗೂ ಜಾಸ್ತಿ ವೈದ್ಯಕೀಯ ಲೇಖನಗಳ ವಿವರ ಇದೆ, ಒಂದು ಕಾಸೂ ಕೇಳುವುದಿಲ್ಲ. ನೋಡೋಕೆ ಸಪ್ಪೆ. ಬಣ್ಣವಿಲ್ಲ, ಸಾಂತ್ವನವಿಲ್ಲ. ಆದರೆ ಪ್ರತಿ ಲೇಖನದ ಜೊತೆ ಪತ್ರಿಕೆಯ ಹೆಸರು ಮತ್ತು ಇಸವಿ ಇದ್ದೇ ಇರುತ್ತದೆ. ಲ್ಯುಕೇಮಿಯಾ ವಿಷಯದಲ್ಲಿ ಆ ಇಸವಿಯೇ ಅರ್ಧ ಉತ್ತರ.

ಯಾಕೆ ಅಂದರೆ ಇಮಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2001ರಲ್ಲಿ. ಸಿಎಂಎಲ್‌ನಲ್ಲಿ 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡು ಅದಲು ಬದಲಾಗಿ ಬಿಸಿಆರ್-ಎಬಿಎಲ್ ಅನ್ನುವ ಕೆಟ್ಟ ಜೀನ್ ಹುಟ್ಟುತ್ತದೆ, ಆ ಜೀನ್ ತಯಾರಿಸುವ ಪ್ರೋಟೀನಿನ ಕೈ ಕಟ್ಟಿಹಾಕುವ ಮಾತ್ರೆ ಅದು. 1,106 ಜನರ ಮೇಲೆ ನಡೆದ ಐರಿಸ್ ಎಂಬ ಟ್ರಯಲ್‌ನ, ಅಂದರೆ ಔಷಧಿ ಪರೀಕ್ಷೆಯ, ಹತ್ತು ವರ್ಷದ ಫಲಿತಾಂಶ 2017ರಲ್ಲಿ ಬಂತು. ಮೊದಲಿಂದ ಇಮಾಟಿನಿಬ್ ಶುರು ಮಾಡಿದ ಗುಂಪಿನಲ್ಲಿ ಹತ್ತು ವರ್ಷದ ಮೇಲೂ ಬದುಕಿದ್ದವರು ಸುಮಾರು 83 ಪರ್ಸೆಂಟ್. ಆಪ್ ಹೇಳಿದ 3ರಿಂದ 5 ವರ್ಷ ಎಲ್ಲಿ, ಇದೆಲ್ಲಿ? ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಹಾಗಂತ ಲ್ಯುಕೇಮಿಯಾ ಅಂತ ಸುಮ್ನೆ ಟೈಪ್ ಮಾಡಬೇಡಿ. ಲಕ್ಷಗಟ್ಟಲೆ ಬರುತ್ತವೆ. ಅದರಲ್ಲಿ ಎಷ್ಟೋ ಇಲಿಗಳ ಮೇಲೆ, ಗಾಜಿನ ತಟ್ಟೆಯ ಜೀವಕೋಶಗಳ ಮೇಲೆ ಮಾಡಿದ್ದು. ಜೊತೆಗೆ ಲ್ಯುಕೇಮಿಯಾ ಅನ್ನುವುದು ಒಂದು ಕಾಯಿಲೆಯೂ ಅಲ್ಲ. ಮಕ್ಕಳಿಗೆ ಜಾಸ್ತಿ ಬರುವ ಎಎಲ್ಎಲ್ ಬೇರೆ, ವಯಸ್ಸಾದವರನ್ನು ಕಾಡುವ ಎಎಂಎಲ್ ಬೇರೆ. 2020ರ ಒಂದು ಎಎಂಎಲ್ ಟ್ರಯಲ್‌ನಲ್ಲಿ, ಕಟುವಾದ ಕೀಮೋ ತಡೆಯಲಾಗದವರಿಗೆ ಎರಡು ಔಷಧಿ ಸೇರಿಸಿ ಕೊಟ್ಟಾಗ ಬದುಕಿನ ಮೀಡಿಯನ್ 9.6 ತಿಂಗಳಿಂದ 14.7 ತಿಂಗಳಿಗೆ ಏರಿತು, ಅದನ್ನೇ ದೊಡ್ಡ ಗೆಲುವು ಎಂದರು. ಸಿಎಂಎಲ್‌ನವರು ಅದನ್ನು ಓದಿ ಹೆದರಿದರೆ ಏನು ಪ್ರಯೋಜನ? ಕಾಯಿಲೆಯ ಪೂರ್ತಿ ಹೆಸರು ಹಾಕಿ, ಎಡಗಡೆ ಫಿಲ್ಟರ್‌ನಲ್ಲಿ ಕ್ಲಿನಿಕಲ್ ಟ್ರಯಲ್ ಅಥವಾ ಸಿಸ್ಟಮ್ಯಾಟಿಕ್ ರಿವ್ಯೂ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಲೇಖನ) ಒತ್ತಿ. ಮತ್ತೆ ಮೀಡಿಯನ್ ಅಂದರೆ ಗಡುವಲ್ಲ, ಅರ್ಧ ಜನ ಅದನ್ನು ದಾಟಿದ್ದಾರೆ ಅಂತ ಅರ್ಥ. ಇದನ್ನು ನನಗೆ ಯಾರಾದರೂ ಮೊದಲ ವಾರವೇ ಹೇಳಬೇಕಿತ್ತು.

ಅಪಾಯದ ಲೆಕ್ಕಕ್ಕೂ ಇದು ಒಳ್ಳೆಯ ಜಾಗ. ಮಗುವಿಗೆ ಸಿಟಿ ಸ್ಕ್ಯಾನ್ ಮಾಡಿಸಿದರೆ ಲ್ಯುಕೇಮಿಯಾ ಅಪಾಯ ಮೂರು ಪಟ್ಟು ಎಂಬ ಮೆಸೇಜ್ ನಮ್ಮ ಮನೆಯವರ ಗ್ರೂಪ್‌ಗೂ ಬಂತು. ಮೂಲ ಹುಡುಕಿದೆ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2012ರ ಲೇಖನ. ಸುಳ್ಳಲ್ಲ. ಚಿಕ್ಕಂದಿನಲ್ಲಿ ಒಟ್ಟು ಸುಮಾರು 50 ಮಿಲಿಗ್ರೇ ವಿಕಿರಣ ಬಿದ್ದರೆ ಅಪಾಯ ಹೆಚ್ಚುಕಡಿಮೆ ಮೂರು ಪಟ್ಟಾಗಬಹುದು ಎಂದೇ ಬರೆದಿದ್ದಾರೆ. ಆದರೆ ಅದೇ ಸಾರಾಂಶದಲ್ಲಿ ಇನ್ನೊಂದು ಸಾಲಿದೆ: ಹತ್ತು ವರ್ಷದೊಳಗಿನ ಮಕ್ಕಳಲ್ಲಿ, ಮೊದಲ ಸ್ಕ್ಯಾನ್ ಆದ ಮುಂದಿನ ಹತ್ತು ವರ್ಷಗಳಲ್ಲಿ, ತಲೆಯ 10,000 ಸ್ಕ್ಯಾನ್‌ಗಳಿಗೆ ಹೆಚ್ಚುವರಿಯಾಗಿ ಒಂದು ಲ್ಯುಕೇಮಿಯಾ, ಒಂದು ಮೆದುಳಿನ ಗೆಡ್ಡೆ ಎಂದು ಅಂದಾಜು. ಮೂರು ಪಟ್ಟು ಅಂದಾಗ ಎದೆ ಧಸಕ್ ಅನ್ನುತ್ತದೆ, ಹತ್ತು ಸಾವಿರಕ್ಕೆ ಒಂದು ಅಂದಾಗ ಯೋಚನೆ ಮಾಡಲು ಜಾಗ ಸಿಗುತ್ತದೆ, ಅಲ್ವಾ? ಬೇಡದ ಸ್ಕ್ಯಾನ್ ಬೇಡ, ತಲೆಗೆ ಪೆಟ್ಟು ಬಿದ್ದ ಮಗುವಿಗೆ ಡಾಕ್ಟರ್ ಬೇಕು ಎಂದರೆ ಮಾಡಿಸಲೇಬೇಕು. ಆ ಮೆಸೇಜ್‌ನಲ್ಲಿ ಎರಡನೇ ಸಾಲು ಇರಲಿಲ್ಲ, ಯಾವತ್ತೂ ಇರುವುದಿಲ್ಲ.

ಕೊರತೆ ಇಲ್ಲವೇ? ಇದೆ. ಎಷ್ಟೋ ಲೇಖನಗಳ ಸಾರಾಂಶ ಮಾತ್ರ ಸಿಗುತ್ತದೆ, ಪೂರ್ತಿ ಓದಲು ಪತ್ರಿಕೆಯವರಿಗೆ ದುಡ್ಡು ಕೊಡಬೇಕು. ಫ್ರೀ ಫುಲ್ ಟೆಕ್ಸ್ಟ್ ಫಿಲ್ಟರ್ ಹಾಕಿದರೆ ಬಿಟ್ಟಿ ಸಿಗುವುದು ಮಾತ್ರ ಕಾಣುತ್ತದೆ, ಆದರೆ ಬೇಕಾದದ್ದು ಅದರಲ್ಲಿ ಇರಬೇಕಲ್ಲ. ಇಂಗ್ಲಿಷ್ ಬರದವರಿಗೆ ಕಷ್ಟ, ಬಂದವರಿಗೂ ಆ ಇಂಗ್ಲಿಷ್ ಕಷ್ಟವೇ. ಇಲ್ಲಿದೆ ಅಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯ ಸಂಶೋಧನೆ ಅಂತಲೂ ಅಲ್ಲ. ಒಂದು ಸಮಾಧಾನ ಏನೆಂದರೆ, ಪತ್ರಿಕೆ ಹಿಂದಕ್ಕೆ ಪಡೆದ ಲೇಖನವಾದರೆ ಪುಟದ ಮೇಲೆ ಹಾಗಂತ ಕಣ್ಣಿಗೆ ಹೊಡೆಯುವಂತೆ ಹಾಕಿರುತ್ತಾರೆ.

ಹೋದ ವರ್ಷ ಅಣ್ಣ ಊಟಕ್ಕೆ ಕೂತವನು ಕೇಳಿದ, "ಲೋ, ಈ ಮಾತ್ರೆ ನಿಲ್ಲಿಸಬಹುದಂತೆ? ಹೊಟ್ಟೆ ತೊಳಸಿ ಸಾಕಾಯ್ತು ಕಣೋ." ಕೈ ತೊಳೆದು ಹುಡುಕಿದೆ. ಫ್ರಾನ್ಸಿನ ಸ್ಟಿಮ್ ಅಧ್ಯಯನ, 2010. ಕನಿಷ್ಠ ಎರಡು ವರ್ಷ ರಕ್ತದಲ್ಲಿ ಬಿಸಿಆರ್-ಎಬಿಎಲ್ ಪತ್ತೆಯೇ ಆಗದ 100 ಜನ ಮಾತ್ರೆ ನಿಲ್ಲಿಸಿದ್ದರು. ಕನಿಷ್ಠ ಒಂದು ವರ್ಷ ಗಮನಿಸಿದ 69 ಮಂದಿಯಲ್ಲಿ 42 ಜನರಿಗೆ ಕಾಯಿಲೆಯ ಗುರುತು ವಾಪಸ್ ಬಂತು, 40 ಜನರಿಗೆ ಆರು ತಿಂಗಳೊಳಗೇ. ಮತ್ತೆ ಮಾತ್ರೆ ಶುರು ಮಾಡಿದಾಗ ಎಲ್ಲರಿಗೂ ಕೆಲಸ ಮಾಡಿತು.

ಅಣ್ಣನ ರಿಪೋರ್ಟ್ ತೆಗೆದೆ. ಬಿಸಿಆರ್-ಎಬಿಎಲ್ 0.04 ಪರ್ಸೆಂಟ್. ಒಳ್ಳೆಯ ನಂಬರ್, 0.1ಕ್ಕಿಂತ ಕೆಳಗಿದೆ. ಆದರೆ ಆ 100 ಜನರ ಸಾಲಿನಲ್ಲಿ ಅವನು ನಿಲ್ಲುವುದಿಲ್ಲ. ಅವರಲ್ಲಿ ಏನೂ ಪತ್ತೆಯಾಗುತ್ತಿರಲಿಲ್ಲ, ಇವನಲ್ಲಿ ಇನ್ನೂ ಆಗುತ್ತಿದೆ. ಸಾರಾಂಶದ ಮೊದಲ ಮೂರು ಸಾಲು ಬಿಟ್ಟು ಫಲಿತಾಂಶ ಮಾತ್ರ ಓದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಪ್ರಿಂಟ್ ತೆಗೆದುಕೊಂಡು ಇಬ್ಬರೂ ಡಾಕ್ಟರ್ ಹತ್ತಿರ ಹೋದೆವು. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಕನ್ನಡಕ ಏರಿಸಿ ಓದಿ, "ಇವರ ಹಾಗೆ ಆದ ಮೇಲೆ ಮಾತಾಡೋಣ, ಅಲ್ಲಿಯವರೆಗೆ ಮಾತ್ರೆ ಊಟದ ಜೊತೆ ತಗೊಳ್ಳಿ, ಜೊತೆಗೆ ದೊಡ್ಡ ಲೋಟ ನೀರು" ಎಂದರು. ಊಟದ ಜೊತೆ ಅನ್ನುವುದನ್ನು ಅಣ್ಣ ಅಷ್ಟು ದಿನ ಪಾಲಿಸಿಯೇ ಇರಲಿಲ್ಲವಂತೆ!

ಐದಕ್ಕೆ ನಾಲ್ಕು ಸ್ಟಾರ್. ಅಕೌಂಟ್ ಮಾಡಿಕೊಂಡರೆ ಹುಡುಕಿದ್ದನ್ನು ಉಳಿಸಿಡಬಹುದು, ಹೊಸ ಲೇಖನ ಬಂದಾಗ ವಾರಕ್ಕೊಮ್ಮೆ ಮೇಲ್ ಬರುತ್ತದೆ. ನಾನು ಶನಿವಾರಕ್ಕೆ ಇಟ್ಟುಕೊಂಡಿದ್ದೇನೆ. ರಾತ್ರಿ ಹೊತ್ತು ಓದುವುದು ಬಿಟ್ಟಿದ್ದೇನೆ.