ಸಿಂಧನೂರು ಭಾಗದ ಪಿಕಪ್‌ಗೆ ಗ್ಯಾಸ್ ಶಾಕಪ್: ಎರಡು ಮಳೆಗಾಲ ಕಳೆದ ಮೇಲೆ

ಗಾಡಿ 1.7 ಟನ್ನಿನ ಬೊಲೆರೊ ಪಿಕಪ್. ಹೋಗುವಾಗ ಭತ್ತ, ಬರುವಾಗ ಹೆಚ್ಚಾಗಿ ಖಾಲಿ. ಹಿಂದಿನ ಎರಡೂ ಆಯಿಲ್ ಶಾಕಪ್ (ಶಾಕ್ ಅಬ್ಸಾರ್ಬರ್) ತೆಗೆದು ಗ್ಯಾಸ್ ತುಂಬಿದವನ್ನು ಹಾಕಿದೆ. ಲೋಡಿನಲ್ಲಿ ವ್ಯತ್ಯಾಸ ಅಷ್ಟೇನಿಲ್ಲ. ಖಾಲಿ ಗಾಡಿಯಲ್ಲಿ, ಕಾಲುವೆ ದಂಡೆಯ ರಸ್ತೆಯಲ್ಲಿ, ಕೊಟ್ಟ ದುಡ್ಡು ವಸೂಲಿ.

ಕಾರಣ ಸರಳ. ಹಿಂದಿನ ಪ್ಲೇಟುಗಳು (ಲೀಫ್ ಸ್ಪ್ರಿಂಗ್) ಲೋಡಿಗೆಂದೇ ಗಟ್ಟಿ. ಖಾಲಿ ಇದ್ದಾಗ ತಗ್ಗಿಗೆ ಬಿದ್ದ ಗಾಲಿಯನ್ನು ಅವು ಒದ್ದು ಎಬ್ಬಿಸುತ್ತವೆ, ಹಿಂಭಾಗ ಕುಣಿಯುತ್ತದೆ. ಆ ಕುಣಿತ ತಡೆಯುವುದು ಶಾಕಪ್. ಕೆಟ್ಟ ರಸ್ತೆಯಲ್ಲಿ ಒಂದೇ ಸಮ ಓಡಿದರೆ ಒಳಗಿನ ಎಣ್ಣೆ ಕಾದು ತೆಳುವಾಗುತ್ತದೆ, ಗಾಳಿ ಬೆರೆತು ನೊರೆ ಏಳುತ್ತದೆ. ನೊರೆಯಲ್ಲಿ ಪಿಸ್ಟನ್‌ಗೆ ಹಿಡಿತ ಸಿಗುವುದಿಲ್ಲ. ಗ್ಯಾಸ್ ಶಾಕಪ್‌ನಲ್ಲಿ ನೈಟ್ರೋಜನ್ ಒತ್ತಡ ಇರುವುದರಿಂದ ನೊರೆ ಕಡಿಮೆ. ರಾಯಚೂರಿನ ಏಪ್ರಿಲ್-ಮೇ ಬಿಸಿಲಿಗೆ ಇದು ಸಣ್ಣ ಮಾತಲ್ಲ. ಬರೀ ಹೈವೇ, ಸಿರುಗುಪ್ಪ-ಬಳ್ಳಾರಿ ಕಡೆ ಓಡಾಟ ಇದ್ದವರಿಗೆ ಆಯಿಲ್ ಶಾಕಪ್ಪೇ ಸಾಕು.

ಶಾಕಪ್ ಹಾಕಿದರೆ ಕುಂತ ಗಾಡಿ ಏಳುತ್ತದೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಭಾರ ಹೊರುವುದು ಪ್ಲೇಟು, ಶಾಕಪ್ ಅಲ್ಲ. 75 ಕಿಲೋದ ಚೀಲ 22 ಹಾಕಿದರೆ 1,650 ಕಿಲೋ, ಅಲ್ಲಿಗೆ ಮುಗಿಯಿತು. 30 ಹೇರಿ ಶಾಕಪ್ ಸರಿಯಿಲ್ಲ ಅಂದರೆ ಯಾವ ಕಂಪನಿಯದೂ ಸರಿಯಿರುವುದಿಲ್ಲ.

ಬ್ರ್ಯಾಂಡಿಗಿಂತ ಮೊದಲು ನೋಡಬೇಕಾದದ್ದು ಉದ್ದ. ನಮ್ಮ ಕಡೆ ಅರ್ಧಕ್ಕರ್ಧ ಪಿಕಪ್‌ಗಳಿಗೆ ಎಕ್ಸ್ಟ್ರಾ ಪ್ಲೇಟು ಏರಿಸಿರುತ್ತಾರೆ. ಗಾಡಿ ಎತ್ತರವಾಗಿರುತ್ತದೆ, ಶಾಕಪ್ ಮಾತ್ರ ಹಳೇ ಅಳತೆಯದು. ಗಾಲಿ ತಗ್ಗಿಗೆ ಇಳಿದಾಗಲೆಲ್ಲ ಅದು ಪೂರ್ತಿ ಎಳೆದುಕೊಂಡು ಜಗ್ಗಿಸಿಕೊಳ್ಳುತ್ತದೆ. ಕೊನೆಗೆ ಬುಷ್ (ಬೋಲ್ಟ್ ಸುತ್ತಲಿನ ರಬ್ಬರ್) ಹರಿಯುತ್ತದೆ, ಇಲ್ಲವೇ ಒಳಗೆ ರಾಡ್ ಬಿಚ್ಚಿಕೊಳ್ಳುತ್ತದೆ. ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಶಾಕಪ್ ಬಿಚ್ಚಿ, ಆಕ್ಸಲ್ ಪೂರ್ತಿ ಇಳಿಬಿಡಿ. ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಟೇಪ್ ಹಿಡಿಯಿರಿ. ಹೊಸ ಶಾಕಪ್ ಪೂರ್ತಿ ಎಳೆದಾಗ ಅದಕ್ಕಿಂತ ಒಂದಿಂಚಾದರೂ ಉದ್ದ ಇರಬೇಕು. ಹಾಗೆಯೇ ಆಕ್ಸಲ್ ಮೇಲೆದ್ದು ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ತಾಗುವ ಮೊದಲು ಶಾಕಪ್ ಪೂರ್ತಿ ಅದುಮಿರಬಾರದು. ಆ ರಬ್ಬರೇ ಉದುರಿಹೋಗಿದ್ದರೆ ಮೊದಲು ಅದನ್ನು ಹಾಕಿಸಿ. ಅದರ ಬೆಲೆ ಶಾಕಪ್ ಮುಂದೆ ಏನೂ ಅಲ್ಲ.

ಫಿಟಿಂಗ್‌ನಲ್ಲಿ ಕೆಡುವುದೇ ಹೆಚ್ಚು. ಒಂದು ಆಕ್ಸಲ್‌ಗೆ ಎರಡೂ ಒಟ್ಟಿಗೇ ಬದಲಿಸಿ. ಡಬ್ಬಿಯಲ್ಲಿ ಅಡ್ಡ ಮಲಗಿದ್ದ ಶಾಕಪ್ಪನ್ನು ನೆಟ್ಟಗೆ, ರಾಡ್ ಮೇಲೆ ಬರುವಂತೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಅದುಮಬೇಕು. ಮೊದಲ ಒಂದೆರಡು ಸಲ ಮಧ್ಯೆ ಸಡಿಲ ಜಾಗ ಸಿಗುತ್ತದೆ, ಆಮೇಲೆ ಉದ್ದಕ್ಕೂ ಒಂದೇ ಬಿಗಿ ಬರುತ್ತದೆ. ಗ್ಯಾಸ್ ಇದ್ದರೆ ಅದುಮಿ ಬಿಟ್ಟ ರಾಡ್ ತಾನಾಗಿಯೇ ಮೇಲೇಳುತ್ತದೆ. ಏಳದಿದ್ದರೆ ವಾಪಸ್ ಕೊಡಿ. ರಾಡನ್ನು ಇಕ್ಕಳದಲ್ಲಿ ಹಿಡಿಯಲು ಬಿಡಲೇಬೇಡಿ. ಒಂದು ಗೀರು ಬಿದ್ದರೂ ಸಾಕು, ಅದು ಆಯಿಲ್ ಸೀಲನ್ನು ಕೊಯ್ಯುತ್ತಾ ಹೋಗುತ್ತದೆ.

ಇನ್ನೊಂದು, ಬಹಳ ಗ್ಯಾರೇಜುಗಳಲ್ಲಿ ತಪ್ಪುವುದು: ಗಾಲಿ ಗಾಳಿಯಲ್ಲಿದ್ದಾಗಲೇ ಬೋಲ್ಟ್ ಬಿಗಿ ಮಾಡುವುದು. ಆಗ ಬುಷ್ ಆ ಸ್ಥಿತಿಯಲ್ಲೇ ಕಚ್ಚಿಕೊಂಡು, ಗಾಡಿ ಇಳಿದ ಮೇಲೆ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬೋಲ್ಟ್ ಕೈಬಿಗಿ ಮಾಡಿ, ಗಾಡಿ ನೆಲಕ್ಕಿಳಿಸಿ, ಆಮೇಲೆ ಪಾನಾ ಹಾಕಿಸಿ. ಒಂದು ವಾರ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಈಗಿನ ಸ್ಥಿತಿ: ಎರಡೂ ಕೆಲಸ ಮಾಡುತ್ತಿವೆ, ಎಡಗಡೆಯ ಕೆಳಗಿನ ಬುಷ್ ಒಂದು ಬದಲಾಗಿದೆ. ಪರೀಕ್ಷೆಗೆ ಗಾಡಿ ಅದುಮಿ ನೋಡುವುದು ಪ್ಲೇಟಿನ ಗಾಡಿಗೆ ಉಪಯೋಗವಿಲ್ಲ, ಪ್ಲೇಟುಗಳ ಉಜ್ಜಾಟವೇ ಅದನ್ನು ನಿಲ್ಲಿಸಿಬಿಡುತ್ತದೆ. ಕೆಟ್ಟ ರಸ್ತೆಯಲ್ಲಿ ಓಡಿಸಿ ನಿಲ್ಲಿಸಿದ ಕೂಡಲೇ ಎರಡೂ ಶಾಕಪ್‌ಗೆ ಕೈ ತಾಗಿಸಿ. ಸೈಲೆನ್ಸರ್ ಮಾತ್ರ ನೋಡಿಕೊಂಡು. ಒಂದು ಬಿಸಿ, ಒಂದು ತಣ್ಣಗಿದ್ದರೆ ತಣ್ಣಗಿರುವುದು ದುಡಿಯುತ್ತಿಲ್ಲ. ಸಂಡೂರು ಕಡೆ ಅದಿರಿನ ಧೂಳಲ್ಲಿ ಓಡುವ ಗಾಡಿಗಳಲ್ಲಿ ಸೀಲಿನ ಹತ್ತಿರ ಸ್ವಲ್ಪ ಪಸೆ ಇದ್ದರೂ ಕೆಂಪು ಮಣ್ಣು ದಪ್ಪಗೆ ಮೆತ್ತಿ ಸೋರಿದಂತೆ ಕಾಣುತ್ತದೆ. ಒರೆಸಿ ನಾಲ್ಕು ದಿನ ಬಿಟ್ಟು ನೋಡಿ. ಮತ್ತೆ ಬರೀ ಪಸೆ ಇದ್ದರೆ ಓಡಿಸಿ. ಎಣ್ಣೆ ಕೊಳವೆಯ ಮೇಲೆ ಇಳಿದು ಕೆಳಗಿನ ಬೋಲ್ಟ್ ತನಕ ಬಂದಿದ್ದರೆ ಜೋಡಿ ಬದಲಿಸಿ.